ಕಡ್ಡಿಯ ಮೇಲಿರುವ ತನಕ

"ಲೇ ಗೋಪಾಲಿ, ಇದು ಮಗೀಗಾ, ಇಲ್ಲ ಹೆಬ್ಬಾಳದ ಫ್ಲೈಓವರ್‌ಗೆ ಹೊದ್ಸಾಕಾ?"

ಚಪ್ಪಲಿ ಬಿಟ್ಟು ಒಳಗೆ ಬಂದ ಮುನಿರಾಮಯ್ಯ ಹಾಲಿನ ನಡುವೆ ಒಂದು ಕಾಲೆತ್ತಿ ನಿಂತ. ಇನ್ನೊಂದನ್ನು ಇಡಲು ಜಾಗವಿರಲಿಲ್ಲ. ಹೆಂಡತಿಯ ಮಡಿಲಿನಿಂದ ಹೊರಟ ಹಳದಿ ಕಂಬಳಿ ಸೋಫಾ ಇಳಿದು, ಟೀಪಾಯಿಯ ಕಾಲು ಬಳಸಿ, ಫ್ರಿಜ್ಜಿನ ಬಾಗಿಲಿಗೆ ತಲೆ ಕೊಟ್ಟು ಮಲಗಿತ್ತು. ಇನ್ನೊಂದು ವಾರ ಬಿಟ್ಟರೆ ಅದೇ ಬಾಗಿಲು ತೆಗೆದು ಮೊಸರು ತಿನ್ನುತ್ತದೆ ಎಂದು ಅವನ ಅಂದಾಜು.

"ಸುಮ್ಕೆ ದಾಟ್ಕೊಂಡೋಗಿ. ತುಳೀಬ್ಯಾಡಿ."

"ಮುಗಿಸ್‌ಬಾರ್ದೇನೆ?"

"ಮುಗಿಸ್‌ಬಾರ್ದು," ಎಂದಳು ಗೋಪಾಲಮ್ಮ, ತಲೆ ಎತ್ತದೆ. ಮುನಿರಾಮಯ್ಯ ಕಂಬಳಿ ದಾಟಿಕೊಂಡು ಗಡ್ಡ ಹೆರೆದುಕೊಳ್ಳಲು ಹಿತ್ತಲಿಗೆ ಹೋದ.

ಗಂಗಾನಗರದ ಆ ಮನೆಯಲ್ಲಿ ಮಗು ಹುಟ್ಟುವ ಮೊದಲು ಅದಕ್ಕೆಂದು ಏನನ್ನೂ ಸಿದ್ಧ ಮಾಡುವುದಿಲ್ಲ. ಹೋದ ಸಲ ಸೊಸೆ ರಾಣಿ ಬಸುರಿಯಾದಾಗ ಮುನಿರಾಮಯ್ಯ ಈ ನೇಮ ಮುರಿದಿದ್ದ. ಮಗ ವಾಸು ಮಲಗಿ ಬೆಳೆದ ತೊಟ್ಟಿಲನ್ನು ಅಟ್ಟದಿಂದ ಇಳಿಸಿ, ಉಜ್ಜಿ, ಹಸಿರು ಬಣ್ಣ ಬಳಿದು ತಾರಸಿಯಲ್ಲಿ ಒಣಗಲು ಇಟ್ಟಿದ್ದ. ಬಣ್ಣ ಒಣಗಿತು. ಮಗು ಉಳಿಯಲಿಲ್ಲ. ತೊಟ್ಟಿಲು ಮತ್ತೆ ಅಟ್ಟ ಸೇರಿತು. ಯಾರೂ ಅವನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಈ ಸಲ ರಾಣಿಗೆ ಏಳು ತುಂಬಿತ್ತು. ಮನೆಯಲ್ಲಿ ಮಗುವಿನದೆಂದು ಒಂದು ಗುಂಡಿಯೂ ಇರಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ? ಸ್ಕ್ಯಾನಿಂಗಿಗೆ ಹೋದ ಸೊಸೆ ತಿರುಗಿ ಬರುವವರೆಗೆ ಗೋಪಾಲಮ್ಮ ತೊಳೆದ ತಟ್ಟೆಯನ್ನೇ ತೊಳೆಯುವುದನ್ನು ನೋಡಲಾರದೆ, ಮಹಡಿಯಲ್ಲಿ ಬಾಡಿಗೆಗಿದ್ದ ರಾಧಾಮಣಿ ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ತಂದುಕೊಟ್ಟಿದ್ದಳು. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುವುದು, ಸಾಲು ತುಂಬಿದರೆ ತಿರುಗಿಸಿ ಮತ್ತೆ ಅದೇ. ಕೊನೆಗೆ ಕುಣಿಕೆಗಳನ್ನು ಮುಚ್ಚುವುದು ಹೇಗೆಂದು ತೋರಿಸಲು ಹೊರಟಾಗ ಮಾತ್ರ ಗೋಪಾಲಮ್ಮ ಕಣ್ಣು ಬೇರೆ ಕಡೆ ತಿರುಗಿಸಿದ್ದಳು.

"ಅದೊಂದು ತೋರಿಸ್‌ಬ್ಯಾಡಿ ರಾಧಾಮಣಿಯೋರೆ. ಗೊತ್ತಾದ್ರೆ ಕೈ ಸುಮ್ಕಿರಾಕಿಲ್ಲ. ಕಡ್ಡಿ ಮ್ಯಾಲಿರೋಗಂಟ ಇದು ದಾರ. ಇಳುದ್ರೆ ತಾನೇ ಕಂಬ್ಳಿ?"

ದೇವರಿಗೂ ಈ ವಾದ ಒಪ್ಪಿಗೆಯಾಗಿರಬೇಕು, ತಕರಾರೇನೂ ಬರಲಿಲ್ಲ. ಹೀಗೆ ಸೊಸೆಯ ಕಾಲು ಊದಿದರೆ ಒಂದು ಗೇಣು, ಡಾಕ್ಟರು ಬಿಪಿ ನೋಡಿ ಹುಬ್ಬು ಗಂಟಿಕ್ಕಿದರೆ ಒಂದು ಮೊಳ ಎಂದು ಕಂಬಳಿ ಬೆಳೆಯಿತು. ಆರ್.ಟಿ. ನಗರದ ಅಂಗಡಿಯಲ್ಲಿ ಆ ಬಣ್ಣ ಮುಗಿದುಹೋಗಿ ಯಶವಂತಪುರದಿಂದ ತರಿಸಿದ್ದಾಯಿತು. ಆ ಹಳದಿ ಸ್ವಲ್ಪ ಬೇರೆ. ಎಲ್ಲಿ ಹಳದಿ ಬದಲಾಗಿದೆಯೋ ಅಲ್ಲಿ ರಾಣಿಗೆ ಆರನೇ ತಿಂಗಳು.

ಕುಕ್ಕರ್ ಕೂಗಿತು. ಗೋಪಾಲಮ್ಮ ಕಡ್ಡಿಗಳನ್ನು ಸೋಫಾದ ಮೇಲಿಟ್ಟು ಅಡುಗೆಮನೆಗೆ ಹೋದಳು. ಅವಳು ಅತ್ತ ಹೋದದ್ದೇ ರಾಣಿ ರೂಮಿನಿಂದ ಬಂದು ಅದೇ ಜಾಗದಲ್ಲಿ ಕೂತಳು.

ಒಳಗೆ ಗೋಪಾಲಮ್ಮನಿಗೆ ಮೊದಲು ನೆಲಕ್ಕೆ ಏನೋ ಬಿದ್ದ ಸದ್ದು ಕೇಳಿತು. ಆಮೇಲೆ, "ಅತ್ತೇ!"

ಸೌಟು ಹಿಡಿದೇ ಓಡಿ ಬಂದ ಅವಳು ಮೊದಲು ನೋಡಿದ್ದು ಸೊಸೆಯ ಮುಖವನ್ನಲ್ಲ, ಅವಳ ಕಾಲಬುಡದ ನೆಲವನ್ನು. ನೆಲ ಒಣಗಿತ್ತು.

"ಸುಮ್ನೆ ಹೊಟ್ಟೆ ಮೇಲೆ ಹಾಕ್ಕೊಂಡು ನೋಡ್ದೆ ಅತ್ತೆ. ಕಡ್ಡಿ ಜಾರ್ಬಿಡ್ತು."

ಕಂಬಳಿಯ ಅಂಚಿನಲ್ಲಿ ಕುಣಿಕೆಗಳು ಬಾಯಿ ಬಿಟ್ಟುಕೊಂಡು ಸಾಲಾಗಿ ನಿಂತಿದ್ದವು. ನೋಡುತ್ತಿದ್ದಂತೆ ಒಂದು ಇಳಿಯಿತು. ಅದರ ಕೆಳಗಿನದೂ ಇಳಿಯಿತು.

"ಅಲ್ಲಾಡ್‌ಬ್ಯಾಡ! ಉಸ್ರು ಬಿಡ್‌ಬ್ಯಾಡ!" ಗೋಪಾಲಮ್ಮ ಮಂಡಿಯೂರಿ ಸಿಕ್ಕಷ್ಟು ಕುಣಿಕೆಗಳನ್ನು ಬೆರಳಲ್ಲಿ ಒತ್ತಿ ಹಿಡಿದಳು. ಉಳಿದವನ್ನು ರಾಣಿ ಹಿಡಿದಳು. "ರೀ! ರಾಧಾಮಣಿಯೋರ್ನ ಕರೀರಿ!"

ಮಂಡಿನೋವೆಂದು ತಿಂಗಳುಗಟ್ಟಲೆ ಮೆಟ್ಟಿಲು ಹತ್ತದ ಮುನಿರಾಮಯ್ಯ ಮುಖದ ಸೋಪಿನ ಸಮೇತ ಮೆಟ್ಟಿಲು ಹಾರಿದ. ಕೆಳಗಿಳಿದು ಬಂದ ರಾಧಾಮಣಿಗೂ ಅರ್ಧ ಜೀವ ಹೋಗಿತ್ತು.

"ನೋವು ಬಂತಾ?"

"ಇಲ್ಲ, ಕಡ್ಡಿ ಬಂತು," ಎಂದಳು ರಾಣಿ. ಕುಣಿಕೆ ಹಿಡಿದ ಬೆರಳನ್ನು ಅವಳು ಸಡಿಲಿಸಲಿಲ್ಲ.

ರಾಧಾಮಣಿ ಅತ್ತೆ ಸೊಸೆಯರ ಬೆರಳುಗಳ ಸಂದಿಯಿಂದ ಒಂದೊಂದೇ ಕುಣಿಕೆ ಬಿಡಿಸಿಕೊಂಡು ಕಡ್ಡಿಗೆ ಏರಿಸಿದಳು. ಇಳಿದುಹೋದವನ್ನು ಕೆಳಗಿನಿಂದ ಎತ್ತಿ ತಂದಳು.

"ಏರಿಸಿದೀನಿ. ಹಿಂಗೇ ಬಿಟ್ರೆ ಇನ್ನೊಂದ್ಸಲ ಜಾರುತ್ತೆ ಗೋಪಾಲಮ್ಮನೋರೆ. ಮುಚ್ಚಿದ್ರೇ ಗಟ್ಟಿ. ನಿಮ್ಮಿಷ್ಟ."

ಗೋಪಾಲಮ್ಮ ಕಡ್ಡಿಯ ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಮುಗಿಸಿ ಅತ್ತೆ," ಎಂದಳು ರಾಣಿ. "ಮಗು ಬರುತ್ತೆ ಅಂತ ಈ ಮನೇಲಿ ಒಂದು ಸಾಕ್ಸೂ ಇಲ್ಲ. ಒಂದೊಂದ್ಸಲ ಅನ್ಸುತ್ತೆ, ಎಲ್ರೂ ಆಗ್ಲೇ ಕೈಬಿಟ್ಟಿದೀರೇನೋ ಅಂತ."

"ಬಿಡ್ತು ಅನ್ನು!"

"ಬಿಡ್ತು. ಈಗ ಮುಗಿಸಿ."

ಎರಡು ಕುಣಿಕೆ ಹೆಣೆಯಬೇಕು, ಮೊದಲನೆಯದನ್ನು ಎತ್ತಿ ಎರಡನೆಯದರ ತಲೆ ದಾಟಿಸಬೇಕು. ಅಷ್ಟೇ ಕೆಲಸ. ಇಷ್ಟು ದಿನ ಕುದುರೆಯಂತೆ ಓಡುತ್ತಿದ್ದ ಗೋಪಾಲಮ್ಮನ ಕೈ ಒಂದೊಂದು ಕುಣಿಕೆಗೂ ನಿಂತು ನಿಂತು ಹೋಯಿತು. ಒಲೆಯ ಮೇಲೆ ಅನ್ನ ಸೀದ ವಾಸನೆ ಬಂತು, ರಾಧಾಮಣಿ ಹೋಗಿ ಗ್ಯಾಸ್ ಆರಿಸಿ ಬಂದಳು. ಕಡೆಗೆ ಒಂದೇ ಕುಣಿಕೆ ಉಳಿಯಿತು. ದಾರ ಕತ್ತರಿಸಬೇಕಿತ್ತು. ಗೋಪಾಲಮ್ಮನ ಕೈಯಲ್ಲಿ ಕತ್ತರಿ ತೆರೆದುಕೊಂಡೇ ಇತ್ತು. ರಾಣಿ ಅವಳ ಕೈಯ ಮೇಲೆ ಕೈಯಿಟ್ಟು ಅದುಮಿದಳು.

"ಅಷ್ಟೇನಾ?" ಎಂದಳು ಗೋಪಾಲಮ್ಮ.

"ಅಷ್ಟೇ," ಎಂದು ರಾಧಾಮಣಿ ದಾರದ ತುದಿಯನ್ನು ಕುಣಿಕೆಯಿಂದ ಎಳೆದುಕೊಟ್ಟಳು.

ಗೋಪಾಲಮ್ಮ ಫ್ಯಾನು ನೋಡಿದಳು, ಬಾಗಿಲು ನೋಡಿದಳು, ಸೊಸೆಯನ್ನು ನೋಡಿದಳು. ಫ್ಯಾನು ತಿರುಗುತ್ತಿತ್ತು. ರಾಣಿ ಕಂಬಳಿಯನ್ನು ಎರಡು ಸುತ್ತು ಹೊದ್ದು ಸೋಫಾಕ್ಕೆ ಒರಗಿದಳು. ಇನ್ನೂ ಅರ್ಧ ನೆಲದ ಮೇಲಿತ್ತು.

ಬಾಗಿಲ ಬಳಿ ನಿಂತಿದ್ದ ಮುನಿರಾಮಯ್ಯನ ಮುಖದಲ್ಲಿ ಸೋಪು ಬಿಳಿಯಾಗಿ ಒಣಗಿತ್ತು. ಅವನು ಒಳಗೆ ಬಂದ. ಫ್ರಿಜ್ಜಿನ ಹತ್ತಿರ ಬಿದ್ದಿದ್ದ ತುದಿಯನ್ನು ಎತ್ತಿ, ಕೊಡವಿ, ಸೊಸೆಯ ಊದಿದ ಪಾದಗಳ ಮೇಲೆ ಹಾಕಿದ.

"ಗೋಪಾಲಿ," ಎಂದ. "ಏಣಿ ಎಲ್ಲೈತೆ?"

ಗೋಪಾಲಮ್ಮ ಬರಿಯ ಕಡ್ಡಿಗಳೆರಡನ್ನೂ ಒಂದೇ ಕೈಯಲ್ಲಿ ಹಿಡಿದು ಅಟ್ಟದ ಕಡೆ ನೋಡಿದಳು.

"ಸಂಪಿನ ಪಕ್ಕ, ಗ್ವಾಡೆಗೆ ಒರಗ್ಸಿವ್ನಿ," ಎಂದಳು. "ಮೊದ್ಲು ಮುಖ ತೊಳ್ಕಳಿ."