ಬೇಯದ ಹೆಸರುಕಾಳು

ನಮ್ಮೂರ ಶಾಲೆಯ ಸಮಿತಿಗೆ ಅಂದಾನಪ್ಪ ಅಧ್ಯಕ್ಷ. ತನ್ನನ್ನು ಬಿಟ್ಟರೆ ಊರಲ್ಲಿ ಒಕ್ಕಲುತನ ಬಲ್ಲವರೇ ಇಲ್ಲ ಎಂಬ ಜಂಬ. ಆದರೂ ಹಿಂದಿನ ವರ್ಷ ಅವನ ಹೆಸರುಕಾಳು ಹಸಿ ಇದ್ದಾಗಲೇ ಚೀಲ ಸೇರಿ ಬೂಷ್ಟು ಹಿಡಿದಿತ್ತು, ದನವೂ ಮೂಸಲಿಲ್ಲ. ಜಾಣನಾಗಿದ್ದರೆ ಬೇಕಾದಷ್ಟೇ ಬುದ್ಧಿ ಕಲಿಯುತ್ತಿದ್ದ. ಈತ ಅತಿಯಾಗಿ ಕಲಿತ. ಈ ಸಲದ ಕಾಳನ್ನು ಬೇಸಿಗೆಯುದ್ದಕ್ಕೂ ತಗಡಿನ ಮೇಲೆ ಹರವಿದ. ಕಂಡಕಂಡವರ ಕೈಗೆ ನಾಲ್ಕು ಕಾಳು ಕೊಟ್ಟು, "ಕಡದ ನೋಡ್ರಿ, ಹ್ಯಾಂಗ ಕಟ್ ಅಂತೈತಿ!" ಅನ್ನುತ್ತಿದ್ದ. ಕಟ್ ಅಂದದ್ದು ಕಾಳೋ ಹಲ್ಲೋ, ಕೇಳುವ ಧೈರ್ಯ ಯಾರಿಗಿತ್ತು?

ಜೂನ್‌ನಲ್ಲಿ ಅದರದೇ ಒಂದು ಚೀಲ ಶಾಲೆಗೆ ದಾನ ಕೊಟ್ಟ, ಫೋಟೊ ತೆಗೆಸಿಕೊಂಡ. ಬೇಯಿಸುವ ಕರ್ಮ ನನ್ನದು. ಹದಿನಾರು ವರ್ಷದಿಂದ ಬಿಸಿಯೂಟದ ಅಡಿಗೆ ನಾನೇ ಮಾಡುತ್ತೇನೆ. ರಾತ್ರಿ ನೆನೆಹಾಕಿದ ಕಾಳಿನಲ್ಲಿ ಅರ್ಧದಷ್ಟು ಬೆಳಿಗ್ಗೆಯೂ ಹಾಕಿದ ಹಾಗೇ ಇದ್ದವು. ಎಷ್ಟು ಕುದಿಸಿದರೂ ಅಷ್ಟೇ. ಮಕ್ಕಳು ಉಗುಳಿದರು, ನುಂಗಿದವರು ಹೊಟ್ಟೆ ಹಿಡಿದು ಕೂತರು. ಇದು ಪೌಷ್ಟಿಕ ಆಹಾರವಂತೆ! ನೀರೇ ಒಳಗೆ ಹೋಗದ ಕಾಳಿನಿಂದ ಮಕ್ಕಳ ಮೈಗೆ ಏನು ಹತ್ತೀತು?

ಅಂದಾನಪ್ಪ ಶಾಲೆಯಲ್ಲಿ ಸಭೆ ಕರೆದ. ಎಲ್ಲರಿಗೂ ಅವನ ಮನೆಯ ಚಹಾ. ತಂದು ಕೊಡುತ್ತಿದ್ದವಳು ಅವನ ಹೆಂಡತಿ ನಿರ್ಮಲಾ.

"ಚನ್ನವ್ವಾ, ಗ್ಯಾಸ್ ಉಳಿಸಿ ಮನಿಗೆ ಒಯ್ತಿ ಏನ? ನಾಳಿಂದ ಬ್ಯಾರೆ ಯಾರರೆ ಅಡಿಗಿ ಮಾಡ್ಲಿ" ಅಂದ ನನಗೆ.

"ಕಾಳ ಬೇಯವಲ್ವ್ರೀ."

"ಕುಣೀಲಾರದಾಕಿ ಅಂಗಳಾ ಡೊಂಕ ಅಂದ್ಲಂತ!"

ಸಮಿತಿಯವರೆಲ್ಲ ನಕ್ಕರು. ಅವನ ಚಹಾ ಕುಡಿದವರು ನನ್ನ ಪರವಾಗಿ ಅಳುತ್ತಾರೆಯೇ? ಈ ಕೆಲಸ ಹೋದರೆ ನನ್ನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ಎರಡು ಬಟ್ಟಲು ತಂದು ಮೇಜಿನ ಮೇಲೆ ಕುಕ್ಕಿದೆ. ಹಿಂದಿನ ದಿನವೇ ಒಂದರಲ್ಲಿ ದಾನದ ಕಾಳು, ಇನ್ನೊಂದರಲ್ಲಿ ರೋಣದ ಗೌಸುಸಾಬರ ಅಂಗಡಿಯ ಕಾಳು ನೆನೆಹಾಕಿದ್ದೆ. ನೀರು ಒಂದೇ ಕೊಡದ್ದು. ಗೌಸುಸಾಬರ ಕಾಳು ಉಬ್ಬಿ, ಮೊಳಕೆ ಇಣುಕಿತ್ತು. ದಾನದ ಕಾಳು ನೀರಿನ ತಳದಲ್ಲಿ ಹರಳಿನಂತೆ ಬಿದ್ದಿತ್ತು.

"ಗೌಸುಸಾಬ ಏನ ಅಂದ್ರು ಗೊತ್ತೇನ್ರಿ? ಕಾಳಿನ ಹೊಟ್ಟ್ಯಾಗ ಒಂಚೂರರೆ ನೀರ ಇರಬೇಕಂತ. ಅದನ್ನೂ ಹಿಂಡಿ ತೆಗದ್ರ ಸಿಪ್ಪಿ ಬಿಗದ ಕುಂಡ್ರತೈತಿ, ಆಮ್ಯಾಲ ಹನಿ ನೀರೂ ಒಳಗ ಬಿಡಂಗಿಲ್ಲಂತ."

ಅಂದಾನಪ್ಪ ಬಟ್ಟಲು ನೋಡಲೇ ಇಲ್ಲ. "ಕೈಗುಣ ಇಲ್ಲದಾಕಿ ಕೈಯಾಗ ಬಂಗಾರನೂ ಕಲ್ಲ ಆಕ್ಕೈತಿ" ಅಂದ.

ಆಗ ನಿರ್ಮಲಾಳ ಕೈಯಿಂದ ಚಹಾದ ಕೆಟಲ್ ಮೇಜಿಗಿಳಿಯಿತು. ದಾನದ ಬಟ್ಟಲಿನಿಂದ ಒಂದು ಕಾಳು ತೆಗೆದು ಉಗುರಿನಿಂದ ಒತ್ತಿದಳು. ಅದು ಜಾರಿ ನೆಲಕ್ಕೆ ಬಿತ್ತು.

"ನಮ್ಮ ಮನ್ಯಾಗೂ ಬೇಯಂಗಿಲ್ರಿ" ಅಂದಳು ಸಭೆಗೆ. "ತಿಂಗಳ ಮ್ಯಾಲಾತು, ಇವ್ರು ದಿನಾ ತಾಟ ಬೀಸಿ ಒಗೀತಾರ. ನಂದ ಕೈ ಸುಮಾರ ಅನ್ಕೊಂಡಿದ್ನಿ."

ಯಾರೂ ನಗಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿ ಸಭೆ ಮುಗಿಸಿದರು. ನನ್ನ ಕೆಲಸ ಉಳಿಯಿತು.

ನಿರ್ಮಲಾ ಗಂಡನ ಹಿಂದೆ ಮನೆಗೆ ಹೋದಳು. ಅಲ್ಲಿ ಆ ಕಾಳು ಇನ್ನೂ ಮೂರು ಚೀಲ ಇದ್ದವು.