ಉಬ್ಬದ ರೊಟ್ಟಿ

ಬುಟ್ಟಿಯ ಬಟ್ಟೆ ಸರಿಸಿದ ಪಾದ್ರಿಗಳ ಮುಖ ಸಣ್ಣದಾಯಿತು. ಒಳಗೆ ರೊಟ್ಟಿ ದಿಂಬಿನ ಹಾಗೆ ಉಬ್ಬಿ ಕೂತಿತ್ತು. ಎದುರಿಗೆ ನಿಂತ ಬೇಕರಿಯಣ್ಣ ಮಾತ್ರ ಹೊಗಳಿಕೆಗಾಗಿ ಕಾಯುತ್ತಿದ್ದ.

ಅದು ಯೇಸುವಿನ ಕಡೆಯ ಊಟವನ್ನು ನೆನೆಯುವ ಗುರುವಾರ. ಆ ಸಂಜೆಯ ಆರಾಧನೆಗೆ ಹುಳಿಯಿಲ್ಲದ, ಅಂದರೆ ಉಬ್ಬಿಸದ ರೊಟ್ಟಿಯೇ ಬೇಕೆಂದು ಪಾದ್ರಿಗಳು ಮೊದಲೇ ಅವನ ಕಿವಿಯ ಮೇಲೆ ಹಾಕಿದ್ದರು. ಇವರು ಹೊಸಬರು, ಹಿಂದಿನವರು ಯಾವ ರೊಟ್ಟಿ ಕೊಟ್ಟರೂ ಪ್ರಾರ್ಥಿಸಿ ಮುರಿಯುತ್ತಿದ್ದರು. ಇಸ್ರಾಯೇಲ್ಯರು ದಾಸತ್ವ ಬಿಟ್ಟು ಹೊರಟ ರಾತ್ರಿ ಹಿಟ್ಟು ಉಬ್ಬುವವರೆಗೆ ಕಾಯಲು ಯಾರಿಗೂ ಪುರುಸೊತ್ತಿರಲಿಲ್ಲ, ಅದರ ನೆನಪೇ ಪಸ್ಕಹಬ್ಬ, ಯೇಸು ಕಡೆಯ ಊಟದಲ್ಲಿ ಮುರಿದದ್ದೂ ಆ ರೊಟ್ಟಿಯನ್ನೇ ಎಂದೆಲ್ಲ ಬಿಡಿಸಿ ಹೇಳಿದ್ದರು. ಬೇಕರಿಯಣ್ಣ ಎಲ್ಲದಕ್ಕೂ ತಲೆಯಾಡಿಸಿ, ಅಂಗಡಿಗೆ ಬಂದು ಹಿಟ್ಟಿಗೆ ಈಸ್ಟ್ ಹಾಕಿದ್ದ. ಅಪ್ಪನ ಕಾಲದಿಂದ ಚರ್ಚಿನ ರೊಟ್ಟಿ ಅವರ ಒಲೆಯದೇ. ಹಲಗೆಯಂಥ ರೊಟ್ಟಿ ಕಳಿಸಿ, ಇವನ ಕೈ ಕೆಟ್ಟಿತು ಅಂತ ಜನ ಆಡಿಕೊಂಡರೆ?

"ಚಿಟಿಕೆಯಷ್ಟೇ ಹಾಕಿದ್ದು," ಎಂದ.

ಪಾದ್ರಿಗಳು ಗದರಲಿಲ್ಲ. ಇನ್ನು ಮುಂದೆ ಡಬ್ಬಿಯಲ್ಲಿ ಬರುವ ತೆಳು ರೊಟ್ಟಿಯ ಬಿಲ್ಲೆಗಳನ್ನೇ ಪೇಟೆಯಿಂದ ತರಿಸುತ್ತೇನೆ ಎಂದು ಮೆಲ್ಲಗೆ ಹೇಳಿದರು. ಬೇಕರಿಯಣ್ಣನನ್ನು ಬೈದಿದ್ದರೂ ತಡೆದುಕೊಳ್ಳುತ್ತಿದ್ದ, ಪಾಪ. ಗಂಟೆ ಹೊಡೆಯುವುದರೊಳಗೆ ಬೇರೆ ತರುತ್ತೇನೆ ಎಂದವನೇ ಓಡಿದ.

ಅಂಗಡಿಯಲ್ಲಿ ಹೆಂಡತಿ ಒಲೆ ಆರಿಸಿ, ಒಳ್ಳೆಯ ಬಟ್ಟೆ ತೊಟ್ಟು ಹೊರಟು ನಿಂತಿದ್ದಳು. ವಿಷಯ ಕೇಳಿ ತಲೆ ತಲೆ ಚಚ್ಚಿಕೊಂಡಳು. ಆಮೇಲೆ ಏಪ್ರನ್ ಕಟ್ಟಿ ಹಿಟ್ಟಿಗೆ ಕೈಹಾಕಿದಳು. ಪುಣ್ಯಕ್ಕೆ ಒಲೆ ಇನ್ನೂ ಬಿಸಿಯಿತ್ತು. ರೂಢಿಯಂತೆ ಅವನ ಕೈ ಈಸ್ಟ್ ಡಬ್ಬಿಯತ್ತ ಹೋದಾಗ ಅದರ ಮೇಲೊಂದು ಏಟು ಬಿತ್ತು.

"ಸ್ವಲ್ಪ ಹೊತ್ತು ಬಟ್ಟೆ ಮುಚ್ಚಿಡೋಣವಾ?"

"ಆ ರಾತ್ರಿ ಇಸ್ರಾಯೇಲ್ಯರೇನು ಹಿಟ್ಟು ಮುಚ್ಚಿಟ್ಕೊಂಡು ಕೂತಿದ್ರಾ? ಹೊರಡೋ ಹೊತ್ತು ರೀ, ಲಟ್ಟಿಸಿ."

ಬೇಕರಿಯಣ್ಣ ಲಟ್ಟಣಿಗೆ ಹಿಡಿದು ಅರೆಗಳಿಗೆ ಹಾಗೇ ನಿಂತ. ಪಾದ್ರಿಗಳ ಮುಂದೆ ಅಷ್ಟೆಲ್ಲ ಆಡಿಸಿದ ತಲೆಯೊಳಗೆ ಈಗ ಅವರ ಮಾತು ಇಳಿಯಿತು. ಆಮೇಲೆ ಲಟ್ಟಿಸಿದ.

ಗಂಟೆ ನಿಲ್ಲುವಷ್ಟರಲ್ಲಿ ಇಬ್ಬರೂ ಏಪ್ರನ್ನಿನಲ್ಲೇ ಏದುಸಿರು ಬಿಡುತ್ತ ಚರ್ಚಿನೊಳಗೆ ಬಂದರು. ರೊಟ್ಟಿ ಸೊಟ್ಟಗಿತ್ತು, ಅಂಚು ಸೀದಿತ್ತು. ಪಾದ್ರಿಗಳು ಅದನ್ನೇ ಎತ್ತಿ ಹಿಡಿದು ಮುರಿದರು. ಟಪ್ಪೆಂದ ಸದ್ದು ಹಿಂದಿನ ಬೆಂಚಿಗೂ ಕೇಳಿಸಿತು. ಬೇಕರಿಯಣ್ಣ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡ.

ಅವನ ಸರದಿ ಬಂದಾಗ ಪಾದ್ರಿಗಳು ಅಂಗೈಗೆ ತುಂಡು ಇಟ್ಟು ಬಗ್ಗಿದರು.

"ಈ ಗುರುವಾರಕ್ಕೆ ಪ್ರತಿ ವರ್ಷವೂ ಇದೇ ಇರಲಿ. ಭಾನುವಾರ ಯೇಸು ಸಮಾಧಿಯಿಂದ ಎದ್ದ ದಿನ, ಬಿಡುಗಡೆ ಪೂರ್ತಿಯಾದ ದಿನ. ಅವತ್ತಿನ ತಿಂಡಿಗೆ ಎಷ್ಟು ಬೇಕಾದ್ರೂ ಉಬ್ಬಿಸಿ."

ಬೇಕರಿಯಣ್ಣ ತುಂಡು ಬಾಯಿಗಿಟ್ಟುಕೊಂಡ. ಕಲ್ಲಿನಷ್ಟು ಗಟ್ಟಿ.

ಕೊನೆಯ ಹಾಡಿಗೆ ಸಭೆ ಎದ್ದು ನಿಂತಿತು. ಹಾಡಬೇಕಾದ ಪಾದ್ರಿಗಳು ಇನ್ನೂ ಅಗಿಯುತ್ತಿದ್ದರು. ಎಲ್ಲರ ಬಾಯಿಯೂ ತುಂಬಿತ್ತು. ಹಲ್ಲಿದ್ದವರು, ಇಲ್ಲದವರು, ಎಲ್ಲರೂ ದೂರ ಪ್ರಯಾಣಕ್ಕೆ ಹೊರಟವರ ಹಾಗೆ ನಿಂತೇ ಅಗಿಯುತ್ತಿದ್ದರು.