ಜೂಪಿಟರ್ ಮ್ಯಾನಿಗೋ ಅವರ ಹೆಚ್ಚುವರಿ ಹಣ

"ಹಾಗೆಲ್ಲ ಆಗಲ್ಲ ಚಿನ್ನಾ. ಜಮೀನು ಯಾರ ಹೆಸರಲ್ಲಿದ್ಯೋ ಅವರೇ ಬಂದು ಸಹಿ ಹಾಕ್ಬೇಕು."

ತೆರಿಗೆ ಕಚೇರಿಯ ಗಾಜಿನ ಹಿಂದೆ ಕೂತಿದ್ದ ಕ್ಯಾಂಡೇಸಳಿಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಈಚೆ ನಿಂತ ರೂಥೆಲ್‌ಗೆ ಅರವತ್ತೇಳು. ಅಮೆರಿಕದ ಕೆರೊಲೈನಾ ಕರಾವಳಿಯಲ್ಲಿ ಬಿಳಿಯರ ಬಾಯಿ ಯಾವಾಗಲೂ ಬೆಲ್ಲ. ಕಪ್ಪು ಮುದುಕಿಯರ ಮೇಲೆ ಅದನ್ನು ಕೊಂಚ ಹೆಚ್ಚೇ ಸುರಿಯುತ್ತಾರೆ.

"ಅವ್ನು ನಮ್ಮ ಮುತ್ತಾತ ಕನವ್ವ. ಸತ್ತು ನೂರು ವರ್ಸದ ಮ್ಯಾಲಾಯ್ತು."

"ನಮ್ಮ ಕಂಪ್ಯೂಟರಲ್ಲಿ ಸತ್ತಿಲ್ಲ."

ಹೌದು, ಕಂಪ್ಯೂಟರಿನೊಳಗೆ ಜೂಪಿಟರ್ ಮ್ಯಾನಿಗೋ ಗಟ್ಟಿಮುಟ್ಟಾಗಿಯೇ ಇದ್ದ. ಗುಲಾಮಗಿರಿ ಕಳಚಿದ ಮೇಲೂ ಅದೇ ಧಣಿಗಳ ಭತ್ತದ ಗದ್ದೆಯಲ್ಲಿ ಹದಿನಾಲ್ಕು ವರ್ಷ ಗೇಯ್ದು, ಹಿನ್ನೀರಿನ ಅಂಚಿನಲ್ಲಿ ಹನ್ನೊಂದು ಎಕರೆ ಕೊಂಡಿದ್ದ. ಉಯಿಲು ಬರೆಸದೆ ಸತ್ತ. ಕರಿಯನೊಬ್ಬನನ್ನು ಹೊಸ್ತಿಲೊಳಗೆ ಬಿಟ್ಟುಕೊಂಡು ಉಯಿಲು ಬರೆಯುವ ವಕೀಲ ಆಗ ಆ ಊರಲ್ಲಿರಲಿಲ್ಲ. ಮಕ್ಕಳು ಮೊಮ್ಮಕ್ಕಳು ಅಲ್ಲೇ ಮನೆ ಕಟ್ಟಿದರು, ಸತ್ತವರನ್ನು ಅಲ್ಲೇ ಹೂತರು. ತೆರಿಗೆ ಚೀಟಿ ಮಾತ್ರ ಪ್ರತಿ ವರ್ಷ ಜೂಪಿಟರನ ಹೆಸರಿಗೇ. ಮೂವತ್ತೊಂದು ವರ್ಷ ರೂಥೆಲ್ ಇದೇ ಕಿಂಡಿಯಲ್ಲಿ ಕಟ್ಟಿದ್ದಳು. ದುಡ್ಡು ಒಳಗೆ ಹೋಗುವಾಗ ನೀನು ಯಾರು, ಅವನಿಗೆ ನೀನು ಏನಾಗಬೇಕು ಅಂತ ಒಬ್ಬರೂ ಕೇಳಲಿಲ್ಲ. ಸರ್ಕಾರಕ್ಕೆ ಅಷ್ಟು ಸಂಕೋಚ.

ಹೋದ ವರ್ಷ ತಾನು ಕೆಲಸಕ್ಕಿದ್ದ ರೆಸಾರ್ಟಿನ ಲಾಂಡ್ರಿಯ ಒದ್ದೆ ನೆಲದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ತೆರಿಗೆ ತಪ್ಪಿತು. ಕಚೇರಿಯವರು ಕಾನೂನಿನ ಒಂದು ಅಕ್ಷರವನ್ನೂ ಮೀರಲಿಲ್ಲ. ಜೂಪಿಟರನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕಳಿಸಿದರು. ಆತ ಸಹಿ ಹಾಕಿ ತೆಗೆದುಕೊಳ್ಳಲಿಲ್ಲ. ಎಂಥ ಉಡಾಫೆ! ಕೋರ್ಟಿನ ಮೆಟ್ಟಿಲ ಮೇಲೆ ಹರಾಜು ನಡೆಯಿತು. ಬಾಕಿ ಸಾವಿರದ ಇನ್ನೂರು ಡಾಲರು. ಸವಾಲು ನಿಂತದ್ದು ಒಂದು ಲಕ್ಷ ಎಂಬತ್ತು ಸಾವಿರಕ್ಕೆ.

"ವರ್ಷದೊಳಗೆ ಬಾಕಿ, ದಂಡ, ಕೊಂಡವರ ದುಡ್ಡಿಗೆ ಬಡ್ಡಿ ಕಟ್ಟಿದ್ರೆ ಜಮೀನು ಬಿಡಿಸ್ಕೋಬಹುದು. ಇಪ್ಪತ್ನಾಲ್ಕು ಸಾವಿರ ಆಗತ್ತೆ," ಎಂದಳು ಕ್ಯಾಂಡೇಸ್. "ಬೇಡ ಅಂದ್ರೆ, ಬಾಕಿ ಮುರ್ಕೊಂಡು ಉಳಿದ ಹೆಚ್ಚುವರಿ ಹಣ ನಿಮ್ದೇ. ಜೂಪಿಟರ್ ಅವರು ಒಂದು ಅರ್ಜಿ ಕೊಟ್ರೆ ಸಾಕು."

"ಕೊಡ್ದಿದ್ರೆ?"

"ಐದು ವರ್ಷ ಕಾಯ್ತೀವಿ. ಆಮೇಲೆ ಕೌಂಟಿ ಖಜಾನೆಗೆ."

"ಸತ್ತೋನು ಎಲ್ಲಿಂದ ಕೊಟ್ಟಾನವ್ವ?"

"ಸತ್ತಿದಾರೆ ಅಂತ ಮರಣ ಪತ್ರ ತನ್ನಿ. ನೀವು ಅವರ ವಂಶದವರು ಅನ್ನೋದಕ್ಕೆ ಇನ್ನೊಂದು ಪತ್ರ. ನೆಕ್ಸ್ಟ್!"

ಜೂಪಿಟರ್ ಸತ್ತ ಕಾಲಕ್ಕೆ ಅಲ್ಲಿ ಕರಿಯರ ಸಾವನ್ನು ಯಾರೂ ಬರೆದಿಡುತ್ತಿರಲಿಲ್ಲ. ಕೋಲೂರಿಕೊಂಡು ಹೊರಬಂದರೆ ಓಣಿಯಲ್ಲಿ ಪ್ರೆಂಟಿಸ್ ಕಾದಿದ್ದ. ಹರಾಜಾದವರ ಹೆಚ್ಚುವರಿ ಹಣ ಬಿಡಿಸಿಕೊಡುವುದೇ ಆತನ ಕಸುಬು.

"ಅಮ್ಮಾ, ನಿಮ್ಮ ಪಾಡು ನೋಡಿ ಕರುಳು ಚುರುಕ್ ಅಂತು. ನಿಮ್ಮಜ್ಜ ಸತ್ತಿದ್ದನ್ನ ನಾನು ಒಂದೇ ವಾರದಲ್ಲಿ ಸಾಬೀತು ಮಾಡ್ತೀನಿ. ಅರ್ಧ ನಿಮಗೆ, ಅರ್ಧ ನನಗೆ. ಇಲ್ಲೊಂದು ಸಹಿ."

ರೂಥೆಲ್ ಕನ್ನಡಕ ಹಾಕಿಕೊಂಡು ಗೋಡೆಗೊರಗಿ ಓದಿದಳು. ಅವನ ನಗು ಎರಡನೇ ಪುಟಕ್ಕೇ ಒಣಗಿತು. ಮೂರನೇ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರ: ಜಮೀನು ಬಿಡಿಸಿಕೊಳ್ಳುವ ಹಕ್ಕನ್ನು ಈ ಮೂಲಕ ಬಿಟ್ಟುಕೊಟ್ಟಿದ್ದೇನೆ.

"ಇದ್ಯಾಕಪ್ಪ ಇಲ್ಲಿ ಮುದುರ್ಕೊಂಡು ಕುಂತದೆ?"

"ಅದು ಮಾಮೂಲಿ ಬರಹ ಅಮ್ಮಾ."

"ಹರಾಜಲ್ಲಿ ನಮ್ ನೆಲ ಕೂಗ್ದೋನು ನಿನ್ ಭಾವ ಅಂತ ಊರ್ಗೆಲ್ಲ ಗೊತ್ತಲ್ವೇನೋ, ಸೂಳೆಮಗನೆ? ನೆಲ ಅವ್ನಿಗೆ, ದುಡ್ಡು ನಿನ್ಗೆ, ನಮ್ಗೆ ಮಣ್ಣಾ? ಹೋಗು, ನಿಮ್ಮವ್ವನ ತಾವ ಸಹಿ ಹಾಕುಸ್ಕೊ."

ನೆಲ ಬಿಡಿಸಿಕೊಳ್ಳಲು ಹಿನ್ನೀರಿನ ಹದಿನಾಲ್ಕು ಮನೆಗಳೂ ಕೂಡಿದವು. ರೂಥೆಲ್‌ಳ ತಮ್ಮ ಎಜ್ರಾ ಸೀಗಡಿ ದೋಣಿಯ ಎಂಜಿನ್ನು ಬಿಚ್ಚಿ ಮಾರಿದ. ನಾದಿನಿ ಲೂರೇನ್ ಹೆದ್ದಾರಿ ಬದಿಯಲ್ಲಿ ಹುಲ್ಲಿನ ಬುಟ್ಟಿ ಹೆಣೆದು ಹೆಣೆದು ಬೆರಳು ಸೀಳಿಕೊಂಡಳು. ಕೊಳ್ಳುವವರು ಆಕೆಯ ಫೋಟೋ ಹಿಡಿದು, ಆಮೇಲೆ ಚೌಕಾಸಿ ಮಾಡಿದರು. ಇಪ್ಪತ್ನಾಲ್ಕು ಸಾವಿರ ತುಂಬುವ ಹೊತ್ತಿಗೆ ಗಡುವಿನ ಕೊನೆಯ ದಿನ ಬಂದಿತ್ತು.

ಬೆಳಿಗ್ಗೆ ಕಿಂಡಿಗೆ ಹಣ ಚಾಚಿದರೆ ಕ್ಯಾಂಡೇಸ್ ಮುಟ್ಟಲಿಲ್ಲ.

"ವಾರಸುದಾರರು ಮಾತ್ರ ಬಿಡಿಸ್ಕೋಬಹುದು. ಮರಣ ಪತ್ರ ತಂದ್ರಾ?"

"ಮೂವತ್ತೊಂದು ವರ್ಸ ಈ ಕೈಯಿಂದ್ಲೇ ಈಸ್ಕಂಡ್ರಲ್ಲವ್ವ."

"ಅದು ತೆರಿಗೆ. ತೆರಿಗೆ ಯಾರು ಬೇಕಾದ್ರೂ ಕಟ್ಬಹುದು."

ರೂಥೆಲ್ ಹಣವನ್ನು ಮತ್ತೆ ಚೀಲಕ್ಕೆ ತುಂಬಿದಳು. ಹೊರಗೆ ಬಂದು ಎಜ್ರಾನ ಲಾರಿ ಹತ್ತಿದಳು.

"ಎಲ್ಲಿಗಕ್ಕಾ?"

"ಮರಣ ಪತ್ರ ತರಕ್ಕೆ. ನಡಿ."

ಸ್ಮಶಾನದ ದಾರಿಗೆ ಕೊಂಡವನು ಆಗಲೇ ಸರಪಳಿ ಬಿಗಿದಿದ್ದ. ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ ಅಂತ ಫಲಕ ಬೇರೆ. ಜಮೀನು ಇನ್ನೂ ಅವನದಾಗಿರಲಿಲ್ಲ, ಆದರೆ ಅಂಥವರಿಗೆ ಕಾಯುವ ಅಭ್ಯಾಸ ಇರುವುದಿಲ್ಲ. ಎಜ್ರಾ ಸರಪಳಿ ಕತ್ತರಿಸಿದ. ಓಕ್ ಮರದ ಬುಡದಲ್ಲಿ ಜೂಪಿಟರನ ಮಕ್ಕಳು ಕೈಯಾರೆ ಎರಕ ಹೊಯ್ದ ಸಿಮೆಂಟಿನ ಕಲ್ಲು. ಹಸಿಯಿದ್ದಾಗಲೇ ಮೊಳೆಯಲ್ಲಿ ಗೀಚಿದ್ದರು: ಅವನ ಹೆಸರು, ಸತ್ತ ಇಸವಿ ೧೯೧೨, ಕೆಳಗೆ ಏಳೂ ಮಕ್ಕಳ ಹೆಸರು. ಮೂರನೆಯದು ರೂಥೆಲ್‌ಳ ಅಜ್ಜಿಯದು.

ಅವಳು ಮುರಿದ ಸೊಂಟ ಬಗ್ಗಿಸಿ ಮಂಡಿಯೂರಿದಳು. ಅಂಗೈಯಲ್ಲಿ ಪಾಚಿ ಒರೆಸಿದಳು.

"ತಪ್ಪಾಯ್ತಜ್ಜ. ಮಲಗಿರೋನ್ನ ಎಬ್ಬುಸ್ತಾ ಇವ್ನಿ."

ನಾಲ್ಕೂಮುಕ್ಕಾಲಿಗೆ ನಾಲ್ವರು ಆ ಕಲ್ಲನ್ನು ಹೊತ್ತು ಕಚೇರಿಗೆ ನುಗ್ಗಿದರು. ಕಿಂಡಿಯ ಕಟ್ಟೆಯ ಮೇಲೆ ಇಳಿಸಿದಾಗ ಗಾಜು ಗಡಗಡ ಎಂದಿತು. ಅರ್ಜಿಗಳ ಮೇಲೆಲ್ಲ ಹಸಿಮಣ್ಣು ಉದುರಿತು, ಒಂದು ಎರೆಹುಳವೂ.

"ಏನಿದು? ಸೆಕ್ಯುರಿಟಿ!"

"ಮರಣ ಪತ್ರ ಕನವ್ವ. ವಂಸದ ಪತ್ರಾನೂ ಅದ್ರಾಗೇ ಅದೆ. ಓದ್ಕೊ." ರೂಥೆಲ್ ಹಣದ ಚೀಲವನ್ನು ಕಲ್ಲಿನ ಪಕ್ಕ ಸುರಿದಳು. "ಎಣುಸ್ಕೊ."

ಇಬ್ಬರು ಕಾವಲುಗಾರರು ಬಂದು ಕಲ್ಲನ್ನು ತಬ್ಬಿ ಎತ್ತಲು ನೋಡಿದರು. ಅಲುಗಲಿಲ್ಲ. ಅಷ್ಟರಲ್ಲಿ ಹದಿನಾಲ್ಕು ಮನೆಯವರೂ ಒಳಗೆ ತುಂಬಿಕೊಂಡಿದ್ದರು. ಮೀನಿನ ವಾಸನೆ, ಲಾಂಡ್ರಿ ಸೋಪಿನ ವಾಸನೆ. ಕ್ಯಾಂಡೇಸ್ ಸಾಹೇಬರ ಕೋಣೆಯತ್ತ ಓಡಿ, ಬಾಗಿಲು ಬಡಿದು, ಬರಿಗೈಯಲ್ಲಿ ಬಂದಳು.

"ಸಾಹೇಬ್ರು ಹೊರಟುಹೋಗಿದಾರೆ. ಐದಕ್ಕೆ ಬಾಗಿಲು ಹಾಕ್ತೀವಿ."

"ಹಾಕು," ಎಂದಳು ರೂಥೆಲ್.

ಕೋಲನ್ನು ಎಜ್ರಾನ ಕೈಗೆ ಕೊಟ್ಟು, ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತಳು. ಅವಳ ಹಿಂದೆ ಲೂರೇನ್ ಕೂತಳು. ಆಮೇಲೆ ಒಬ್ಬೊಬ್ಬರಾಗಿ, ಬಾಗಿಲಿನ ತನಕ, ಎಲ್ಲರೂ.